ಟೈಮರು ಕೆಟ್ಟಿತೆಂದು ಎಸೆಯುವ ಮೊದಲು



ಪಂಪುಸೆಟ್ಟಿನ ಟೈಮರುಗಳನ್ನು ಸಂಘದ ಮೂಲಕವೇ ತರಿಸಿ ಹಂಚಬೇಕೆಂಬ ಸಲಹೆ ಆಡಳಿತ ಮಂಡಳಿಯ ಮುಂದಿದೆ. ತರಿಸುವುದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಮಾದರಿಗೆಂದು ಮೇಜಿನ ಮೇಲಿಟ್ಟ ಡಬ್ಬಿಯೊಳಗೆ ಅರಗಿನಂಥ ಕಪ್ಪು ರಾಳ ಎರೆದು ಮುಚ್ಚಿಬಿಟ್ಟಿದ್ದಾರೆ. ಕೆಟ್ಟರೆ ಬಿಚ್ಚುವಂತಿಲ್ಲ, ಹೊಸದನ್ನೇ ಕೊಳ್ಳಬೇಕು. ನೀರು, ಇರುವೆ ಒಳಗೆ ಹೋಗುವುದಿಲ್ಲವೆಂಬುದು ಮಾರುವವರ ವಾದ. ಮಲೆನಾಡಿನ ಮಳೆಗಾಲ ಕಂಡವರ ಕಿವಿಗೆ ಆ ಮಾತು ಹಿತವಾಗಿಯೇ ಕೇಳುತ್ತದೆ. ಆದರೂ ಅಂಥ ಡಬ್ಬಿ ನಮಗೆ ಬೇಡವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಸಣ್ಣ ಡಬ್ಬಿಗೆ ಇಷ್ಟು ಮಾತೇಕೆ ಎನ್ನಬೇಡಿ. ಬೇಸಿಗೆಯಲ್ಲಿ ಹನಿ ನೀರಾವರಿಯ ಅಡಿಕೆ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರು ನೀರು ಬೇಕು. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುವ ಕಡೆ ಆ ಹೊತ್ತಿಗೆದ್ದು ಪಂಪು ಹಾಕುವ ಕೆಲಸವನ್ನು ನಾವು ಈ ಡಬ್ಬಿಗೆ ಒಪ್ಪಿಸಿ ಮಲಗುತ್ತೇವೆ. ಅದು ಎಳೆಯದಿದ್ದರೆ ತೋಟಕ್ಕೆ ನೀರಿಲ್ಲ. ಎಳೆದದ್ದನ್ನು ಬಿಡದಿದ್ದರೆ ಬೆಳಗಾಗುವುದರೊಳಗೆ ಬಾವಿ ಬರಿದು, ಮೋಟರಿಗೂ ಗಂಡಾಂತರ. ರೊಬಸ್ಟಾಕ್ಕೆ ಸ್ಪ್ರಿಂಕ್ಲರಿನಲ್ಲಿ ಹೂವಿನ ನೀರು ಕೊಡುವಾಗ ಅರ್ಧಕ್ಕೇ ಪಂಪು ನಿಂತರೆ ಏನಾಗುತ್ತದೆಂದು ಬೆಳೆಗಾರರಿಗೆ ನಾನು ಹೇಳಬೇಕಾಗಿಲ್ಲ.

ನಮ್ಮವರು ಬಳಸುವ ಸಾದಾ ಟೈಮರುಗಳಲ್ಲಿ ಹೆಚ್ಚಿನವುಗಳ ಒಳಗಿರುವುದು 555 ಎಂಬ ಎಂಟು ಕಾಲಿನ ಐಸಿ. 1972ರಲ್ಲಿ ಮಾರುಕಟ್ಟೆಗೆ ಬಂದದ್ದು, ಇಂದಿಗೂ ಜಗತ್ತಿನ ಎಲ್ಲೆಡೆ ಸಿಗುತ್ತದೆ. ಒಂದು ಕಂಡೆನ್ಸರು ರೆಸಿಸ್ಟರಿನ ಮೂಲಕ ತುಂಬಿಕೊಳ್ಳುತ್ತಾ ಹೋಗುತ್ತದೆ. ತುಂಬುವ ತನಕ ಐಸಿ ರಿಲೇಯನ್ನು ಎಳೆದು ಹಿಡಿಯುತ್ತದೆ, ರಿಲೇ ಸ್ಟಾರ್ಟರಿನ ಕಾಯಿಲಿಗೆ ಕರೆಂಟು ಕೊಡುತ್ತದೆ. ಇಷ್ಟೇ ಕಥೆ. ಆದರೆ ಕಛೇರಿಗೆ ಡಬ್ಬಿ ಹಿಡಿದು ಬರುವ ಹತ್ತರಲ್ಲಿ ಎಂಟು ಮಂದಿ "ಐಸಿ ಹೋಗಿದೆಯಂತೆ, ಸೆಕ್ರೆಟರಿಯವರೇ" ಎಂದೇ ಶುರುಮಾಡುತ್ತಾರೆ. ಐಸಿ ಹೋಗುವುದಿಲ್ಲವೆಂದಲ್ಲ. ಆದರೆ ಅದನ್ನು ಕೊನೆಗೆ ಅನುಮಾನಿಸಬೇಕು.

ಮೊದಲು ಕಿವಿಗೊಡಿ. ರಿಲೇ ಟಿಕ್ ಎಂದಿತೋ ಇಲ್ಲವೋ? ಟಿಕ್ ಎಂದೂ ಪಂಪು ಓಡದಿದ್ದರೆ ಟೈಮರು ತನ್ನ ಕೆಲಸ ಮಾಡಿದೆ. ಆಗ ನೋಡಬೇಕಾದದ್ದು ರಿಲೇಯ ಕಾಂಟ್ಯಾಕ್ಟು, ಸ್ಟಾರ್ಟರಿನ ಕಾಯಿಲು, ಜಿಗಿದು ಕೂತ ಓವರ್‌ಲೋಡು, ಒಂದು ಫೇಸು ಇಲ್ಲದಿರುವುದು. ಕಾಂಟ್ಯಾಕ್ಟಿನ ನಡುವೆ ಹಲ್ಲಿ ಸತ್ತು ಬಿದ್ದಿರುವುದೂ ಉಂಟು. ಅದಕ್ಕೆ ಪೇಟೆಯ ರಿಪೇರಿ ಬೇಕಿಲ್ಲ.

ಟಿಕ್ ಎನ್ನದಿದ್ದರೆ ಮೀಟರು ಬೇಕು. ಇಲ್ಲಿ ಒಂದು ಎಚ್ಚರಿಕೆ. ಸ್ಟಾರ್ಟರಿನಲ್ಲಿರುವುದು 415 ವೋಲ್ಟು. ಫ್ಯೂಸು ಕಿತ್ತು ಜೇಬಿನಲ್ಲಿಟ್ಟುಕೊಂಡೇ ಟೈಮರನ್ನು ಅದರಿಂದ ಬಿಡಿಸಿ, ಮೇಜಿನ ಮೇಲೆ ಪರೀಕ್ಷಿಸಿ. ಟ್ರಾನ್ಸ್‌ಫಾರ್ಮರೇ ಇಲ್ಲದ, ಕಂಡೆನ್ಸರಿನಿಂದ ವೋಲ್ಟೇಜು ಇಳಿಸಿದ ಅಗ್ಗದ ಬೋರ್ಡುಗಳೂ ಬಂದಿವೆ. ಅವುಗಳಲ್ಲಿ 12 ವೋಲ್ಟಿನ ತಂತಿಯೂ ಮೈನ್ಸಿಗೆ ನೇರ ತಗುಲಿರುತ್ತದೆ, ಮುಟ್ಟಿದರೆ ಜೀವಕ್ಕೆ ಅಪಾಯ. ಬಲ್ಲವರಲ್ಲದವರು ಅಂಥವನ್ನು ತೆರೆಯಲೇಬಾರದು.

ನಮ್ಮ ಸದಸ್ಯರನ್ನು ಅತಿ ಹೆಚ್ಚು ಕಾಡಿದ ದೂರು ಬೇರೆಯೇ ಇದೆ: ಪೇಟೆಯ ಅಂಗಡಿಯಲ್ಲಿ ಸರಿಯಾಗಿ ಎಳೆಯುವ ಟೈಮರು ತೋಟಕ್ಕೆ ತಂದರೆ ಎಳೆಯುವುದಿಲ್ಲ. ಇದರಲ್ಲಿ ಮಾಟವೇನಿಲ್ಲ. ಲೆಕ್ಕ ನೋಡಿ. 12 ವೋಲ್ಟಿನ ರಿಲೇ ಎಳೆಯಬೇಕಾದರೆ ಸಾಮಾನ್ಯವಾಗಿ ಅದರ ಮುಕ್ಕಾಲು ಪಾಲು, ಎಂದರೆ 9 ವೋಲ್ಟು ಬೇಕು. 555 ತನಗೆ ಬಂದದ್ದರಲ್ಲಿ ಸುಮಾರು ಒಂದೂವರೆ ವೋಲ್ಟು ತಾನೇ ತಿಂದು ಉಳಿದದ್ದನ್ನು ರಿಲೇಗೆ ಕೊಡುತ್ತದೆ. ಮೈನ್ಸ್ 230 ಇದ್ದಾಗ 12 ಬರುತ್ತದೆ, ರಿಲೇಗೆ ಹತ್ತೂವರೆ ಸಿಗುತ್ತದೆ, ಸಾಕು. ಲೈನಿನ ಕೊನೆಯಲ್ಲಿರುವ ನಮ್ಮ ತೋಟಗಳಲ್ಲಿ ಮೈನ್ಸ್ 170ಕ್ಕೆ ಇಳಿದ ದಿನ ಆ 12 ಎಂಬುದು 9ಕ್ಕೂ ಕೆಳಗೆ ಬರುತ್ತದೆ. ರಿಲೇಗೆ ಉಳಿಯುವುದು ಏಳು ಚಿಲ್ಲರೆ. ಎಳೆಯುವುದು ಹೇಗೆ? ಯಾವ ಭಾಗವೂ ಕೆಟ್ಟಿಲ್ಲ, ಆದರೂ ಟೈಮರಿಗೆ ಕೆಟ್ಟ ಹೆಸರು. 18 ವೋಲ್ಟಿನ ಟ್ರಾನ್ಸ್‌ಫಾರ್ಮರು ಹಾಕಿ, ಬಯಲಾಗುವ ವೋಲ್ಟೇಜನ್ನು 7812 ಎಂಬ ರೆಗ್ಯುಲೇಟರಿನಿಂದ 12ಕ್ಕೆ ನಿಲ್ಲಿಸಿ, ರಿಲೇಯನ್ನು ಟ್ರಾನ್ಸಿಸ್ಟರಿನ ಮೂಲಕ ಎಳೆಸಿದರೆ ಈ ಕಾಟ ತಪ್ಪುತ್ತದೆ. ಹಳೆಯ ಟ್ರಾನ್ಸ್‌ಫಾರ್ಮರನ್ನು ಹಾಗೇ ಉಳಿಸಿ ರೆಗ್ಯುಲೇಟರು ಮಾತ್ರ ಸೇರಿಸಿದರೆ ಪ್ರಯೋಜನವಿಲ್ಲ. ರಾಳ ಎರೆದ ಡಬ್ಬಿಯಲ್ಲಿ ಇದನ್ನೆಲ್ಲ ಮಾಡುವುದೆಲ್ಲಿ ಬಂತು?

ಎರಡನೆಯ ದೂರು ಪಂಪು ನಿಲ್ಲದಿರುವುದು. 555ರ ಕಾಲಾವಧಿ ಎಂದರೆ ರೆಸಿಸ್ಟರು, ಕಂಡೆನ್ಸರುಗಳ ಗುಣಲಬ್ಧದ 1.1 ಪಟ್ಟು. ಒಂದು ಮೆಗಾಓಮ್, 1000 ಮೈಕ್ರೋಫ್ಯಾರಡ್ ಹಾಕಿದರೆ ಹದಿನೆಂಟು ನಿಮಿಷ ಚಿಲ್ಲರೆ. ಇದಕ್ಕಿಂತ ದೀರ್ಘ ಸಮಯ ಬೇಕೆಂದು ಇನ್ನೂ ದೊಡ್ಡ ಬೆಲೆಯವನ್ನು ಹಾಕುತ್ತಾರೆ. ಕೊನೆಗೊನೆಗೆ ಒಂದು ಮೆಗಾಓಮ್ ಮೂಲಕ ಹರಿಯುವುದು ಒಂದು ಆಂಪಿಯರಿನ ಹತ್ತು ಲಕ್ಷದ ನಾಲ್ಕು ಪಾಲು ಮಾತ್ರ. ಹಳತಾದ ಎಲೆಕ್ಟ್ರೋಲಿಟಿಕ್ ಕಂಡೆನ್ಸರು ಅಷ್ಟನ್ನು ಒಳಗೇ ಸೋರಿಸಿಬಿಡುತ್ತದೆ. ಬುಡ ತೂತಾದ ಕೊಡ ತುಂಬುವುದುಂಟೇ? ಅದು ತುಂಬದು, ರಿಲೇ ಬಿಡದು. ಕಂಡೆನ್ಸರು ಬದಲಿಸಿದರೆ ಸದ್ಯಕ್ಕೆ ಸರಿಹೋಗುತ್ತದೆ. ಆದರೆ ಗಂಟೆಗಟ್ಟಲೆ ಓಡಬೇಕಾದ ಪಂಪಿಗೆ 555 ತಕ್ಕದ್ದೇ ಅಲ್ಲವೆಂದು ನನ್ನ ಮತ. 4060 ಎಂಬ ಎಣಿಸುವ ಐಸಿ ಇದೆ. ಅದು ಸೆಕೆಂಡಿಗೊಂದು ಬಡಿತವನ್ನು ಎಣಿಸುತ್ತಾ 8192 ಆದಾಗ, ಎಂದರೆ ಎರಡು ಗಂಟೆ ಹದಿನಾರು ನಿಮಿಷಕ್ಕೆ, ಸೂಚನೆ ಕೊಡುತ್ತದೆ. ಅದಕ್ಕೆ ಸೋರದ ಸಣ್ಣ ಕಂಡೆನ್ಸರೇ ಸಾಕು.

ಪಂಪು ನಿಲ್ಲದಿರುವುದಕ್ಕೆ ಇನ್ನೊಂದು ಕಾರಣ ರಿಲೇಯ ಕಾಂಟ್ಯಾಕ್ಟು ಬೆಸೆದುಕೊಂಡಿರುವುದು. ಕರೆಂಟೇ ಇಲ್ಲದಾಗಲೂ ಮೀಟರು ಆ ಕಾಂಟ್ಯಾಕ್ಟು ಕೂಡಿದೆಯೆಂದು ತೋರಿಸಿದರೆ ಅದು ಬೆಸೆದಿದೆ. 10 ಆಂಪಿಯರ್ ಎಂದು ಬರೆದಿದೆಯಲ್ಲ ಎಂದು ಒಂದು ಹೆಚ್‌ಪಿ ಮೋಟರನ್ನು ನೇರ ರಿಲೇಗೆ ಕೊಟ್ಟವರ ಪಾಡು ಇದು. ಮೋಟರು ಹೊರಡುವಾಗ ಓಡುವಾಗಿನ ಹಲವು ಪಟ್ಟು ಎಳೆಯುತ್ತದೆ. ಸಣ್ಣ ರಿಲೇ ಸ್ಟಾರ್ಟರಿನ ಕಾಯಿಲನ್ನು ಮಾತ್ರ ಆಡಿಸಬೇಕು.

ಇನ್ನು ಕೆಲವು ಟೈಮರುಗಳು ನಿಂತ ಕೂಡಲೇ ತಾವಾಗಿ ಮತ್ತೆ ಹೊರಡುತ್ತವೆ. ಕಾಯಿಲು ಬಿಡುವಾಗ ಹುಟ್ಟುವ ಕಿಡಿಯ ಪೆಟ್ಟು ಐಸಿಗೆ ಹೊಸ ಆಜ್ಞೆಯಂತೆ ಕಾಣುವುದೇ ಕಾರಣ. ರಿಲೇ ಕಾಯಿಲಿಗೆ ಅಡ್ಡಲಾಗಿ, ಗೆರೆಯಿರುವ ತುದಿ ಪ್ಲಸ್ಸಿಗೆ ಬರುವಂತೆ ಒಂದು 4007 ಡಯೋಡು, ಐಸಿಯ ಐದನೇ ಕಾಲಿಗೆ 0.01 ಮೈಕ್ರೋಫ್ಯಾರಡ್ ಕಂಡೆನ್ಸರು, ಇವೆರಡು ಇವೆಯೇ ನೋಡಿ. ಕಾಸು ಉಳಿಸಲು ಇವನ್ನೇ ಬಿಟ್ಟಿರುತ್ತಾರೆ. ಡಯೋಡು ತಿರುಗುಮುರುಗಾದರೆ ರಿಲೇ ಎಳೆಯುವ ಬದಲು ಟ್ರಾನ್ಸಿಸ್ಟರು ಸುಡುತ್ತದೆ.

ಮಂಡಳಿಗೆ ನನ್ನ ಸಲಹೆ ಇದು. ಬಿಚ್ಚಲು ಬರುವ, ಟ್ರಾನ್ಸ್‌ಫಾರ್ಮರು ಇರುವ, ಐಸಿ ಮತ್ತು ರಿಲೇ ಎರಡನ್ನೂ ಸಾಕೆಟ್ಟಿನಲ್ಲಿ ಕೂರಿಸಿದ, ಮುಚ್ಚಳದೊಳಗೆ ಸರ್ಕ್ಯೂಟಿನ ಚಿತ್ರ ಅಂಟಿಸಿದ ಟೈಮರನ್ನೇ ತರಿಸೋಣ. ತೇವಕ್ಕೆ ರಬ್ಬರು ಪಟ್ಟಿಯ ಮುಚ್ಚಳ, ಬೋರ್ಡಿಗೆ ವಾರ್ನಿಷು ಸಾಕು. ಬೆಲೆ ಸ್ವಲ್ಪ ಹೆಚ್ಚಾದೀತು. ಜೊತೆಗೆ ಕಛೇರಿಯಲ್ಲಿ ಒಂದು ಮೀಟರು, ಒಂದು ಬೆಸುಗೆ ಕಡ್ಡಿ, ಮೇಲೆ ಹೇಳಿದ ಬಿಡಿಭಾಗಗಳ ಒಂದು ಪೆಟ್ಟಿಗೆ ಇರಲಿ. ಐಟಿಐ ಓದಿದ ಹುಡುಗರು ನಮ್ಮ ಸದಸ್ಯರ ಮನೆಗಳಲ್ಲೇ ಇದ್ದಾರೆ. ಅವರಲ್ಲೊಬ್ಬರಿಗೆ ವಾರಕ್ಕೊಂದು ದಿನದ ಸಂಭಾವನೆ ಸಂಘಕ್ಕೆ ಭಾರವಲ್ಲ.

ಮಾದರಿ ಡಬ್ಬಿಗಳೆರಡೂ ಕಛೇರಿಯಲ್ಲಿವೆ. ಮಂಡಳಿ ತೀರ್ಮಾನಿಸುವ ಮೊದಲು ಬಂದು ನೋಡಿ, ನನ್ನ ಮಾತು ಒಪ್ಪದವರು ಬರೆದು ತಿಳಿಸಿ. ಕೆಟ್ಟ ಟೈಮರು ತರುವವರು ತಂತಿ ಬಿಚ್ಚುವ ಮೊದಲು ಯಾವ ತಂತಿ ಸ್ಟಾರ್ಟರಿನ ಎಲ್ಲಿಗಿತ್ತೆಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ.