ಹೊಲದ ಕೆಲಸಕ್ಕೂ ಅಳತೆಯ ಅಂಗಿ ಬೇಕು

ಈ ಸಲ ಬೀಜ-ಗೊಬ್ಬರದ ಮಾತನ್ನು ಬದಿಗಿಟ್ಟು ಅಂಗಿಯ ಮಾತನ್ನು ಎತ್ತಿಕೊಂಡಿದ್ದೇನೆ. ಬೇಸಾಯಶಾಸ್ತ್ರದವರಿಗೆ ಹೊಲಿಗೆಯ ಉಸಾಬರಿ ಏಕೆಂದು ತಾವು ಕೇಳಬಹುದು. ಸಿಂಧನೂರಿನ ಗದ್ದೆಗಳಲ್ಲಿ ಭತ್ತದ ನಾಟಿ ನಡೆದಾಗ, ಮಸ್ಕಿಯ ಕಡೆ ಹತ್ತಿ ಬಿಡಿಸುವಾಗ, ಲಿಂಗಸುಗೂರಿನ ಒಣಭೂಮಿಯಲ್ಲಿ ತೊಗರಿ ಕೊಯ್ಯುವಾಗ ಬದುವಿನ ಮೇಲೆ ನಿಂತು ನೋಡಿರಿ. ಸೀರೆಯ ಮೇಲೆ ಗಂಡನದೋ ಮಗನದೋ ಹಳೆಯ ತುಂಬುತೋಳಿನ ಅಂಗಿ ತೊಟ್ಟ ಹೆಣ್ಣುಮಕ್ಕಳು ಸಾಲುಸಾಲಾಗಿ ಕಾಣುತ್ತಾರೆ. ಯಾವ ಇಲಾಖೆಯೂ ಇದನ್ನು ಶಿಫಾರಸು ಮಾಡಿರಲಿಲ್ಲ. ಬಿಸಿಲು, ಗರಿಯ ಅಂಚು, ಹತ್ತಿಕಾಯಿಯ ಒಣಸಿಪ್ಪೆ, ತೊಗರಿಯ ಧೂಳು ಇವುಗಳಿಂದ ಮೈ ಉಳಿಸಿಕೊಳ್ಳಲು ಅವರೇ ಕಂಡುಕೊಂಡ ಉಪಾಯವಿದು. ಉಪಾಯ ಒಳ್ಳೆಯದೇ. ಆದರೆ ಆ ಅಂಗಿ ಅವರ ಮೈಗೆ ಹೊಲಿದದ್ದಲ್ಲ.

ಗಂಡಸಿನ ಅಂಗಿಯ ಹೆಗಲು ಹೆಂಗಸಿನ ತೋಳಿನ ಮೇಲೆ ಜಾರಿ ಬೀಳುತ್ತದೆ. ತೋಳು ಬೆರಳ ತುದಿಯವರೆಗೆ ಬರುವುದರಿಂದ ಅದನ್ನು ಮೊಣಕೈವರೆಗೆ ಮಡಚುತ್ತಾರೆ. ಮುಚ್ಚಬೇಕಾಗಿದ್ದ ಮುಂಗೈಯೇ ಬಯಲಾಗುತ್ತದೆ. ಭತ್ತದ ಗರಿಯಲ್ಲಿ ಮರಳಿನ ಅಂಶವಾದ ಸಿಲಿಕಾ ತುಂಬಿದ್ದು, ಅಂಚು ಗರಗಸದಂತಿರುತ್ತದೆ. ಎದೆಯ ಮೇಲೆ ಗುಂಡಿ ಬಿಗಿಯುತ್ತದೆ, ಸೊಂಟದ ಕೆಳಗೆ ಹಾಕಲಿಕ್ಕೇ ಬರುವುದಿಲ್ಲ. ಬಾಗಿದಾಗ ಮುಂದಿನ ಎರಡು ಸೆರಗುಗಳೂ ಕೆಸರಿನಲ್ಲಿ ಅದ್ದುತ್ತವೆ. ಕೈ ಮುಂದೆ ಚಾಚಿದರೆ ಇಡೀ ಅಂಗಿ ಮೇಲಕ್ಕೆ ಜಗ್ಗುತ್ತದೆ. ದಿನಕ್ಕೆ ಎಷ್ಟು ಸಾವಿರ ಸಲ ಕೈ ಚಾಚಬೇಕೆಂಬುದನ್ನು ನಾಟಿ ಮಾಡಿದವರೇ ಬಲ್ಲರು.

ಇದಕ್ಕಿಂತ ದೊಡ್ಡ ಚಿಂತೆ ಮತ್ತೊಂದಿದೆ. ಔಷಧಿ ಸಿಂಪಡಿಸುವಾಗ ಗಂಡಸು ತೊಟ್ಟು ತೊಟ್ಟು ಹಳತಾದ ಅಂಗಿಯೇ ಅನೇಕ ಮನೆಗಳಲ್ಲಿ ಹೆಂಗಸಿನ ಪಾಲಿಗೆ ಬರುತ್ತದೆ. ಹೊಲದಲ್ಲಿ ಕೀಟನಾಶಕ ಮೈಸೇರುವ ಮುಖ್ಯ ದಾರಿ ಚರ್ಮ. ಗೀರುಬಿದ್ದ, ಬೆವೆತ ಚರ್ಮದಲ್ಲಿ ಅದು ಇನ್ನೂ ಬೇಗ ಇಳಿಯುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆದ 20ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ನಾವೂ ಹತ್ತಿಯ ನಾಡಿನವರೇ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ವಿಜ್ಞಾನಿಗಳು ವಿಷವನ್ನು ಬಟ್ಟೆಯಲ್ಲಿಯೇ ನಿಷ್ಕ್ರಿಯಗೊಳಿಸುವ ‘ಕಿಸಾನ್ ಕವಚ್’ ಉಡುಪನ್ನು ಸಿದ್ಧಪಡಿಸಿದ್ದು, ಅದು 2024ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಆಗ ಹೇಳಿದ ಬೆಲೆ ಸುಮಾರು 4,000 ರೂಪಾಯಿ. ಅದು ಸಿಂಪಡಿಸುವವರಿಗಾಗಿ ಮಾಡಿದ್ದು. ಕಳೆ ತೆಗೆಯುವವಳಿಗೆ, ನಾಟಿ ಮಾಡುವವಳಿಗೆ ಬೇಕಾದದ್ದು ಬೇರೆ, ಮತ್ತು ಅದನ್ನು ಮನೆಯಲ್ಲಿಯೇ ಹೊಲಿಯಬಹುದು.

ನಮ್ಮ ಹಳ್ಳಿಗಳಲ್ಲಿ ಹೊಲಿಗೆ ಯಂತ್ರಕ್ಕೆ ಬರವಿಲ್ಲ. ಹಬ್ಬದ ಜಂಪರಿಗೆ ಕಾಲಂಗುಲ ಹೆಚ್ಚುಕಡಿಮೆಯಾದರೂ ಬಿಚ್ಚಿ ಹೊಲಿಸುವ ನಾವು, ದಿನಕ್ಕೆ ಎಂಟು ತಾಸು ಮೈಮೇಲಿರುವ ಬಟ್ಟೆಗೆ ಟೇಪು ಹಿಡಿಯುವುದಿಲ್ಲ!

ಮೊದಲು ಹಳೆಯ ವೃತ್ತಪತ್ರಿಕೆಯಲ್ಲಿ ನಕ್ಷೆ ಕತ್ತರಿಸಿಕೊಳ್ಳಿರಿ. ಜಂಪರಿನ ನಕ್ಷೆ ಇಲ್ಲಿ ನಡೆಯದು, ಅದು ನೇರ ನಿಂತ ಮೈಗೆ ಹೊಂದುವಂಥದು. ಹೊಲದ ಅಂಗಿಗೆ ಎದೆಯ ಸುತ್ತಳತೆಗಿಂತ 6ರಿಂದ 8 ಅಂಗುಲ ಹೆಚ್ಚು ಸಡಿಲ ಬೇಕು. ಎದೆ 34 ಅಂಗುಲವಿದ್ದರೆ ಅಂಗಿ 42 ಅಂಗುಲ ಆಗಲಿ. ಅದರ ಕಾಲುಭಾಗ ಹತ್ತೂವರೆ. ಇದಕ್ಕೆ ಹೊಲಿಗೆಯ ಮುಕ್ಕಾಲು ಅಂಗುಲವನ್ನೂ, ಮುಂಭಾಗದಲ್ಲಿ ಗುಂಡಿಪಟ್ಟಿಗೆ ಒಂದೂವರೆ ಅಂಗುಲವನ್ನೂ ಸೇರಿಸಿರಿ. ಬೆನ್ನಿನ ಅಗಲವನ್ನು ಎರಡೂ ಕೈ ಮುಂದೆ ಚಾಚಿಸಿ ಅಳೆಯಬೇಕು. ಹೀಗೆ ಅಳೆದಾಗ ಹೆಚ್ಚು ಬರುವ ಅಗಲವನ್ನು ಹೆಗಲಪಟ್ಟಿಯ ಕೆಳಗೆ ನಡುಬೆನ್ನಿನಲ್ಲಿ ಒಂದು ನೆರಿಗೆಯಾಗಿ ಇಟ್ಟರೆ, ಬಾಗಿದಾಗ ಬಿಚ್ಚಿಕೊಳ್ಳುತ್ತದೆ, ನಿಂತಾಗ ಮುಚ್ಚಿಕೊಳ್ಳುತ್ತದೆ. ತೋಳಿನ ಉದ್ದವನ್ನು ಮೊಣಕೈ ಮಡಿಸಿ, ಹೆಗಲ ತುದಿಯಿಂದ ಮೊಣಕೈ ಮೇಲಾಗಿ ಮಣಿಕಟ್ಟಿನವರೆಗೆ ಅಳೆಯಿರಿ.

ಹೆಗಲು ಸರಿಯಿದ್ದು ಸೊಂಟದ ಕೆಳಗೆ ಬಿಗಿಯಾದರೆ ದೊಡ್ಡ ಅಳತೆಯ ನಕ್ಷೆಗೆ ಹೋಗಬೇಡಿರಿ. ಹೆಗಲು ಮತ್ತೆ ಜಾರುತ್ತದೆ. ನಕ್ಷೆಯನ್ನು ಕೆಳಗಿನಿಂದ ಮೇಲಕ್ಕೆ ಹೆಗಲ ನಡುವಿನವರೆಗೆ ಸೀಳಿ, ಹೆಗಲಿನಲ್ಲಿ ಮಾತ್ರ ಕತ್ತರಿಸದೆ ಬಿಟ್ಟು, ಕೆಳಗೆ ಒಂದೂವರೆ ಅಂಗುಲ ತೆರೆದು ನಡುವೆ ಬೇರೆ ಕಾಗದ ಅಂಟಿಸಿರಿ. ಹೆಗಲು ಇದ್ದಷ್ಟೇ ಇರುತ್ತದೆ, ಕೆಳಗೆ ಘೇರು ಬರುತ್ತದೆ. ಬಗಲಿಗೆ 4 ಅಂಗುಲದ ಚೌಕದ ತುಂಡು ಕೂಡಿಸುವುದನ್ನು ಮರೆಯಬಾರದು. ನಮ್ಮ ಹಿರಿಯರ ಜುಬ್ಬಾಗಳಲ್ಲಿ ಅದು ಇರುತ್ತಿತ್ತು. ಸಿದ್ಧ ಉಡುಪು ಬಂದು ಅದನ್ನು ನುಂಗಿತು. ಕೈ ಎತ್ತಿದರೂ ಅಂಗಿ ಜಗ್ಗದಿರುವುದು ಈ ಅಂಗೈಯಷ್ಟು ಬಟ್ಟೆಯಿಂದ. ಹಿಂಭಾಗ ಮುಂಭಾಗಕ್ಕಿಂತ 2 ಅಂಗುಲ ಉದ್ದವಿದ್ದರೆ ಬಾಗಿದಾಗ ಬೆನ್ನು ಬಯಲಾಗದು.

ಹರಿದ ಇಳಕಲ್ ಸೀರೆಯ ಮೈಬಟ್ಟೆಯಲ್ಲಿ ಮೊದಲೊಂದು ಕಚ್ಚಾ ಹೊಲಿಗೆ ಹಾಕಿ, ತೊಡಿಸಿ, ನಾಟಿಗೆ ಬಾಗುವಂತೆ ಬಾಗಿಸಿ ನೋಡಿರಿ. ಎಲ್ಲಿ ಎಳೆಯುತ್ತದೋ ಅಲ್ಲಿ ನಕ್ಷೆಯನ್ನು ತಿದ್ದಿದ ಮೇಲೆಯೇ ಹೊಸಬಟ್ಟೆಗೆ ಕತ್ತರಿ. ಹತ್ತಿಬಟ್ಟೆ ಕುಗ್ಗುವುದರಿಂದ ನೀರಿನಲ್ಲಿ ನೆನೆಸಿ ಒಣಗಿಸಿಯೇ ಕತ್ತರಿಸಬೇಕು. 36 ಅಂಗುಲ ಪನ್ನೆಯದಾದರೆ ಸುಮಾರು ಎರಡೂವರೆ ಮೀಟರು ಬೇಕಾದೀತು. ತಿಳಿಬಣ್ಣದ್ದಿರಲಿ, ಬಿಸಿಲು ನಮ್ಮದು.

ಭೂಮಿ ನೋಡಿ ತಳಿ ಆರಿಸುವಂತೆ ಕೆಲಸ ನೋಡಿ ಅಂಗಿ ಹೊಲಿಯಬೇಕೆಂದು ನನ್ನ ಅಭಿಪ್ರಾಯ. ಸಿಂಧನೂರಿನ ನಾಟಿಯವರಿಗೆ ಬೇಗ ಒಣಗುವ ತೆಳುಬಟ್ಟೆ, ಗಿಡ್ಡ ಮುಂಭಾಗ, ಮಣಿಕಟ್ಟಿನ ಮೇಲಕ್ಕೇ ನಿಲ್ಲುವ ಇಲಾಸ್ಟಿಕ್ ತೋಳು. ಹತ್ತಿ ಬಿಡಿಸುವವರಿಗೆ ತೋಳಿಗಾದರೂ ದಪ್ಪಬಟ್ಟೆ, ಮತ್ತು ಎರಡೂ ಮಗ್ಗುಲಲ್ಲಿ ಸೊಂಟದಿಂದ ಕೆಳಗೆ ಸೀಳು. ಸೀಳಿಲ್ಲದಿದ್ದರೆ ಉಡಿ ಕಟ್ಟಲಾಗದು. ತೊಗರಿ ಕೊಯ್ಯುವವರಿಗೆ ಕೊರಳು ಮುಚ್ಚುವ ಪಟ್ಟಿ. ಕಿಸೆ ಎಲ್ಲರಿಗೂ ಬೇಕು, ಆದರೆ ಎದೆಯ ಮೇಲೆ ಬೇಡ. ಬಾಗಿದಾಗ ಮೊಬೈಲು ಗದ್ದೆಯ ಪಾಲಾಗುತ್ತದೆ. ಪಕ್ಕದಲ್ಲಿ ಗುಂಡಿಯ ಕಿಸೆಯಿರಲಿ.

ಕುಡುಗೋಲಿನ ಹಿಡಿ ಕೈಗೆ ಹೊಂದಬೇಕೆಂದು ವಾದಿಸುವ ನಾವು, ಕೃಷಿ ವಿಜ್ಞಾನದವರು, ಕೆಲಸದ ಬಟ್ಟೆಯನ್ನು ಸಲಕರಣೆಯೆಂದು ಎಣಿಸಿದ್ದು ಕಡಿಮೆ. ಧಾರವಾಡದಲ್ಲಿ 1974ರಲ್ಲಿ ಗ್ರಾಮೀಣ ಗೃಹವಿಜ್ಞಾನ ಕಾಲೇಜೆಂಬ ಹೆಸರಿನಿಂದ ಆರಂಭವಾದ ಕಾಲೇಜಿನಲ್ಲಿ ಜವಳಿ-ಉಡುಪಿನ ವಿಭಾಗವೇ ಇದೆ, ವಿದ್ಯೆಗೆ ಕೊರತೆಯಿಲ್ಲ. ಆದರೂ ಹಳ್ಳಿಯ ಹೊಲಿಗೆ ತರಬೇತಿಗಳಲ್ಲಿ ಅನೇಕ ಕಡೆ ಫ್ರಾಕು, ಕಸೂತಿ, ನಮೂನೆಯ ಕುಪ್ಪಸಗಳನ್ನೇ ಕಲಿಸುತ್ತಾರೆ. ಅವು ಸಂಪಾದನೆಯ ದಾರಿ, ಬೇಡವೆನ್ನಲಾರೆ. ಅದೇ ತರಬೇತಿಯಲ್ಲಿ ಎರಡು ದಿನ ಹೊಲದ ಅಂಗಿಗೂ ಮೀಸಲಾಗಲಿ. ಜಮೀನುದಾರರಲ್ಲಿಯೂ ಒಂದು ಮಾತು: ಎಕರೆಯ ಖರ್ಚು ಬರೆಯುವಾಗ ಔಷಧಿ, ಡೀಸೆಲ್‌ಗಳ ಕೆಳಗೆ ಕೂಲಿಯವರ ಅಂಗಿಗೂ ಒಂದು ಸಾಲು ಬಿಡಿರಿ. ಬಟ್ಟೆ ನಿಮ್ಮದಾದರೆ ಹೊಲಿಗೆ ಅವರದಾದೀತು.

ಒಂದನ್ನು ಸ್ಪಷ್ಟವಾಗಿ ಹೇಳಬೇಕು. ಈ ಹತ್ತಿಯ ಅಂಗಿ ಗೀರು, ಬಿಸಿಲು, ಧೂಳು ತಡೆದೀತೇ ಹೊರತು ಔಷಧಿಯ ದ್ರಾವಣವನ್ನು ತಡೆಯದು. ನೆನೆದರೆ ವಿಷವನ್ನು ಮೈಗೇ ಒತ್ತಿ ಹಿಡಿಯುತ್ತದೆ. ಕೂಡಲೇ ಕಳಚಿ ಸೋಪಿನಿಂದ ಮೈ ತೊಳೆಯಬೇಕು. ಸಿಂಪರಣೆಗೆ ತೊಟ್ಟ ಬಟ್ಟೆಯನ್ನು ಮನೆಯವರ ಬಟ್ಟೆಯೊಡನೆ ಒಗೆಯಬಾರದು, ಹರಿದ ಮೇಲೆ ಇನ್ನೊಬ್ಬರಿಗೆ ಕೊಡಲೂಬಾರದು. ಮುಂಗಾರಿನ ನಾಟಿ ಶುರುವಾಗುವ ಮುಂಚೆ, ಮೇ ತಿಂಗಳ ಬಿಡುವಿನಲ್ಲಿ ಕಾಗದದ ನಕ್ಷೆ ಸಿದ್ಧವಾಗಲಿ. ಒಬ್ಬೊಬ್ಬರಿಗೆ ಎರಡೆರಡು ಅಂಗಿ ಇರಬೇಕು, ಒಂದು ಒಗೆತದಲ್ಲಿದ್ದಾಗ ಮತ್ತೊಂದು ತೊಡಲು.