ಮೊಲದ ಮರಿ ಒಂಟಿಯಾಗಿದ್ದರೆ ಅನಾಥವೇ?

ಮನೆಯಲ್ಲಿ ಮಕ್ಕಳಿಗೆ ಕಲಿಸುವ ಮೊಲದ ಪಾಠ ಸಾಮಾನ್ಯವಾಗಿ ಬಿಳಿ ಮೊಲದ ಚಿತ್ರ ಬಿಡಿಸಿ, ಪಕ್ಕದಲ್ಲೊಂದು ಕ್ಯಾರೆಟ್ ಇಡುವುದರಲ್ಲಿ ಮುಗಿಯುತ್ತದೆ. ಆದರೆ ಕನ್ನಡದಲ್ಲಿ ನಾವು ‘ಮೊಲ’ ಎನ್ನುವುದು ಎರಡು ಬೇರೆ ಪ್ರಾಣಿಗಳನ್ನು.

ಗೂಡಿನಲ್ಲಿ ಸಾಕುವ ಮೊಲ ಯುರೋಪಿನ ಬಿಲದ ಮೊಲದ ಸಂತತಿ. ನಮ್ಮ ಹೊಲ, ಕುರುಚಲು ಕಾಡುಗಳ ಕಂದು ಮೊಲ ಬೇರೆಯೇ ಜಾತಿ. ಮೊದಲನೆಯದಕ್ಕೆ 44 ವರ್ಣತಂತುಗಳು, ಎರಡನೆಯದಕ್ಕೆ 48.

ಮರಿಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಸಾಕುಮೊಲದ ಮರಿಗೆ ಹುಟ್ಟಿದಾಗ ಕೂದಲಿರುವುದಿಲ್ಲ, ಕಣ್ಣು ತೆರೆಯಲು ಸುಮಾರು 10 ದಿನ ಬೇಕು. ಕಾಡುಮೊಲದ ಮರಿ ಮೈತುಂಬ ಕೂದಲಿನೊಂದಿಗೆ, ಕಣ್ಣು ತೆರೆದುಕೊಂಡೇ ಬಯಲಿನಲ್ಲಿ ಹುಟ್ಟುತ್ತದೆ. ತಾಯಿ ಹಗಲೆಲ್ಲ ದೂರವಿದ್ದು, ಸಾಮಾನ್ಯವಾಗಿ ಕತ್ತಲಾದ ಮೇಲೆ ಬಂದು ಹಾಲುಣಿಸುತ್ತದೆ. ಸದಾ ಮರಿಯ ಬಳಿಯೇ ಇದ್ದರೆ ನರಿ, ನಾಯಿಗಳಿಗೆ ಸುಳಿವು ಸಿಗುತ್ತದೆ.

ಹಾಗಾಗಿ ಪೊದೆಯಡಿ ಅಲುಗಾಡದೆ ಕುಳಿತ ಮರಿ ಅನಾಥವಲ್ಲ. ಕನಿಕರದಿಂದ ಮನೆಗೆ ತಂದು ಹಸುವಿನ ಹಾಲು ಕುಡಿಸಿದರೆ ಅದು ಬದುಕುವುದು ಕಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಮೊಲವನ್ನು ಹಿಡಿಯುವುದು ಅಪರಾಧವೂ ಹೌದು.

ಮಕ್ಕಳಿಂದ ಎರಡು ಕೆಲಸ ಮಾಡಿಸಬಹುದು. ಒಂದು, ಎರಡೂ ಮೊಲಗಳ ಮನೆ, ಮರಿ, ಕಿವಿಯ ಉದ್ದವನ್ನು ಹೋಲಿಸುವ ಪಟ್ಟಿ. ಇನ್ನೊಂದು, ಹೊಲದ ಬದುವಿನಲ್ಲಿ ಮೊಲದ ಒಣ ಹಿಕ್ಕೆ ಹುಡುಕಿ, ಕಡ್ಡಿಯಿಂದ ಬಿಡಿಸಿ ನೋಡುವುದು. ಒಳಗೆ ಸಿಗುವ ಹುಲ್ಲಿನ ನಾರು, ಮೊಲದ ಮುಖ್ಯ ಆಹಾರ ಕ್ಯಾರೆಟ್ ಅಲ್ಲ ಎಂಬುದನ್ನು ತಾನೇ ಹೇಳುತ್ತದೆ.

ದಾರಿಯಲ್ಲಿ ಮರಿ ಕಂಡರೆ? ಮುಟ್ಟದೆ, ನಾಯಿಯನ್ನು ದೂರವಿಟ್ಟು, ಸದ್ದಿಲ್ಲದೆ ಹಿಂದೆ ಸರಿಯಬೇಕು. ಗಾಯವಾಗಿದ್ದರೆ ಮಾತ್ರ ಅರಣ್ಯ ಇಲಾಖೆಗೆ ತಿಳಿಸಬೇಕು.