ಸೋರುವ ಜೀಪಿಗೆ ಡಾಂಬರು ಮದ್ದಲ್ಲ



ಮುಂಗಾರು ಆರಂಭವಾಗುತ್ತಲೇ ಬೀಜ, ಗೊಬ್ಬರಗಳನ್ನು ಪೇಟೆಯಿಂದ ಊರಿಗೆ ಸಾಗಿಸುವ ಕೆಲಸ ಶುರುವಾಗುತ್ತದೆ. ಅನೇಕ ರೈತರಿಗೆ ಇಂದಿಗೂ ಇದಕ್ಕೆ ಹಳೆಯ ಜೀಪು, ವ್ಯಾನುಗಳೇ ಆಧಾರ. ಅವುಗಳೊಳಗೆ ಮಳೆನೀರು ಸೋರುವುದನ್ನು ಯಾರೂ ದೊಡ್ಡದಾಗಿ ಎಣಿಸುವುದಿಲ್ಲ. "ಹಳೇ ಗಾಡಿ, ಸೋರದೆ ಇರುತ್ತದೆಯೇ?" ಎಂದು ಒಂದಿಷ್ಟು ಡಾಂಬರು ಮೆತ್ತಿ ಸುಮ್ಮನಾಗುವವರೇ ಹೆಚ್ಚು. ಇದು ಸರಿಯಾದ ಕ್ರಮವಲ್ಲವೆಂಬುದು ನನ್ನ ಅಭಿಪ್ರಾಯ.

ಬೇಸಾಯಶಾಸ್ತ್ರದವನಿಗೆ ಗಾಡಿಯ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಪ್ರಮಾಣಿತ ಬಿತ್ತನೆ ಬೀಜದ ತೇವಾಂಶವು ಸಾಮಾನ್ಯ ಚೀಲಗಳಲ್ಲಿ ಭತ್ತಕ್ಕೆ ಶೇ. 13, ರಾಗಿಗೆ ಶೇ. 12, ತೊಗರಿ ಮತ್ತು ಶೇಂಗಾಕ್ಕೆ ಶೇ. 9 ಮೀರಬಾರದು. ನೀರು ನಿಂತ ತಗಡಿನ ಮೇಲೆ ಚೀಲ ಕುಳಿತರೆ ತಳದ ಕಾಳು ಈ ಮಿತಿಯನ್ನು ಬೇಗ ದಾಟುತ್ತದೆ. ಬೀಜ ಬಿಸಿಯೇರಿ, ಬೂಷ್ಟು ಹಿಡಿದು ಮೊಳೆಯುವ ಶಕ್ತಿ ಕುಂದುತ್ತದೆ. ಯೂರಿಯಾ ತೇವ ಹೀರಿ ಹೆಂಟೆ ಕಟ್ಟುತ್ತದೆ. ಮೇಲ್ನೋಟಕ್ಕೆ ಚೆನ್ನಾಗಿಯೇ ಕಾಣುವ ಬೀಜದ ದೋಷ ತಿಳಿಯುವುದು ಬಿತ್ತಿದ ಮೇಲೆ. ಅಷ್ಟರಲ್ಲಿ ಹದ ಕಳೆದಿರುತ್ತದೆ.

ನೀರು ಕಂಡ ಜಾಗವೇ ತೂತಿನ ಜಾಗವೆಂದು ತಿಳಿಯಬಾರದು. ಗದ್ದೆಯ ಬದುವಿನಲ್ಲಿ ಏಡಿ ತೋಡಿದ ಬಿಲ ಒಂದು ಕಡೆ, ನೀರು ಹೊರಬೀಳುವುದು ಮತ್ತೊಂದು ಕಡೆ. ಗಾಡಿಯಲ್ಲಿಯೂ ಹಾಗೆಯೇ. ಮುಂದಿನ ಗಾಜಿನ ರಬ್ಬರಿನಲ್ಲಿ ಇಳಿದ ನೀರು ತಗಡಿನ ಮಡಿಕೆಯಲ್ಲಿ ಹರಿದು ಸೀಟಿನ ಕೆಳಗೆ ನಿಲ್ಲಬಹುದು. ಆದುದರಿಂದ ಮೊದಲು ಹುಡುಕಿರಿ, ಅನಂತರ ಮುಚ್ಚಿರಿ.

ಬಿಸಿಲಿರುವ ದಿನ ಒಳಗಿನ ಹಾಸುಗಳನ್ನು ತೆಗೆದು ತಳವನ್ನು ಪೂರ್ಣ ಒಣಗಿಸಿರಿ. ಒಬ್ಬರು ಬ್ಯಾಟರಿ ಹಿಡಿದು ಒಳಗೆ ಕುಳಿತಿರಲಿ. ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ರಭಸವಿಲ್ಲದೆ ನೀರು ಬಿಡಲಿ. ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಹೋಗಬೇಕು. ಮೇಲಿನಿಂದಲೇ ಬಿಟ್ಟರೆ ನೀರು ಎಲ್ಲ ಸಂದುಗಳ ಮೇಲೂ ಹರಿದು, ಸೋರಿದ್ದು ಯಾವುದೆಂದು ತಿಳಿಯದು. ಬಾಗಿಲಿನ ರಬ್ಬರು, ವೈಪರಿನ ಬುಡ, ಮುಂದಿನ ಗಾಜಿನ ಸುತ್ತು, ಮೇಲ್ಛಾವಣಿಯ ಬೆಸುಗೆ, ಕ್ಯಾರಿಯರಿನ ಬೋಲ್ಟು, ಒಂದೊಂದಕ್ಕೂ ಸುಮಾರು 5 ನಿಮಿಷ ಕೊಡಿರಿ. ಬಾಗಿಲಿನ ಸಂದಿಗೆ ಕಾಗದದ ಪಟ್ಟಿ ಇಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ರಬ್ಬರು ಒತ್ತುತ್ತಿಲ್ಲವೆಂದು ಅರ್ಥ. ಕೆಸರಿನಲ್ಲಿ ಓಡಿದಾಗ ಮಾತ್ರ ನೀರು ಬರುತ್ತಿದ್ದರೆ ತಳದ ತಗಡಿನ ರಬ್ಬರ್ ಬಿರಡೆಗಳನ್ನು ಪರೀಕ್ಷಿಸಿರಿ.

ಬಾಗಿಲಿನ ಕೆಳ ಅಂಚಿನ ಸಣ್ಣ ಕಿಂಡಿಗಳನ್ನು ಮಾತ್ರ ಎಂದಿಗೂ ಮುಚ್ಚಬಾರದು. ಗಾಜಿನ ಸಂದಿನಿಂದ ಬಾಗಿಲೊಳಗೆ ಇಳಿದ ನೀರು ಹೊರಹೋಗಲೆಂದೇ ಅವು ಇವೆ. ಹೊಲಕ್ಕೆ ಬಸಿಗಾಲುವೆ ಇದ್ದಂತೆ. ಮಣ್ಣು, ಎಲೆ ಕಟ್ಟಿಕೊಂಡಿದ್ದರೆ ಕಡ್ಡಿಯಿಂದ ಬಿಡಿಸಿರಿ. ಎಷ್ಟೋ ವೇಳೆ ಇಷ್ಟೇ ಸಾಕು, ಹಣದ ಖರ್ಚೇ ಇಲ್ಲ.

ಒಣಗಿ ಬಿರಿದ ರಬ್ಬರನ್ನು ಬದಲಾಯಿಸುವುದೇ ಮೇಲು. ತಗಡಿನ ಬೆಸುಗೆ ಬಿಟ್ಟಿದ್ದರೆ ಹಳೆಯ ಲೇಪ ಕೆರೆದು, ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಒಣಗಿದ ಮೇಲೆ ವಾಹನಗಳಿಗೆಂದೇ ಮಾರುವ ಪಾಲಿಯುರೆಥೇನ್ ಸೀಲೆಂಟ್ ತುಂಬಿರಿ. ಹುಳಿ ವಾಸನೆಯ ಸಿಲಿಕೋನ್ ಬರಿ ತಗಡಿಗೆ ಬೇಡ. ಅದರಿಂದ ಹೊರಡುವ ಅಸಿಟಿಕ್ ಆಮ್ಲ ತುಕ್ಕನ್ನು ಹೆಚ್ಚಿಸುತ್ತದೆ. ಡಾಂಬರಾದರೋ ಬಿಸಿಲಿಗೆ ಮೆತ್ತಗಾಗಿ ಜಾರುತ್ತದೆ. ಅದರಡಿಯಲ್ಲಿ ತಗಡು ತುಕ್ಕು ತಿನ್ನುತ್ತಿರುವುದು ಕಣ್ಣಿಗೆ ಬೀಳುವುದೂ ಇಲ್ಲ. ಮುಚ್ಚಿದ ಮೇಲೆ ಮತ್ತೊಮ್ಮೆ ನೀರು ಬಿಟ್ಟು ನೋಡಲು ಮರೆಯದಿರಿ.

ಈಗಾಗಲೇ ಚೀಲ ನೆನೆದಿದ್ದರೆ 100 ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆ ನೋಡಿರಿ. ಭತ್ತದಲ್ಲಿ 80ಕ್ಕಿಂತ ಕಡಿಮೆ ಬಂದರೆ ಅದು ಪ್ರಮಾಣಿತ ಬೀಜದ ಮಟ್ಟಕ್ಕೆ ಇಳಿಮುಖವೆಂದು ತಿಳಿಯಿರಿ. ಬೀಜೋಪಚಾರಕ್ಕೆ ಕೊಡುವ ಗಮನದಲ್ಲಿ ಒಂದು ಪಾಲನ್ನು ಬೀಜ ಹೊತ್ತು ತರುವ ಗಾಡಿಗೂ ಕೊಡಿರಿ. ಮಳೆಗೆ ಮೊದಲಿನ ಒಂದು ಮಧ್ಯಾಹ್ನ ಇದಕ್ಕೆ ಸಾಕು.